ಕಲಿಸುವವರ ಕಟ್ಟೆ: ಕನ್ನಡ ಪಾಠ, ಮೂರು ಊರಿನ ಪ್ರಶ್ನೆಗಳು

ಈ ಸಲದ ಪತ್ರಗಳು ಮುಂಬೈ, ಪುಣೆ, ಗೋವಾದವು. ಬರೆದವರಲ್ಲಿ ಹೆಚ್ಚಿನವರು ಬಿ.ಇಡಿ. ಅಥವಾ ಡಿ.ಇಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಓದುತ್ತಿರುವ, ನಾಳೆ ಕನ್ನಡ ಕಲಿಸಲಿರುವ ತರುಣ ತರುಣಿಯರು. ಒಂದೇ ಜಾಡಿನ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಆಲಿಸುವುದು, ಮಾತಾಡುವುದು, ಓದುವುದು, ಬರೆಯುವುದು ನಾಲ್ಕೂ 35 ನಿಮಿಷದ ಒಂದೇ ಪಾಠದಲ್ಲಿ ಬರಬೇಕು ಎನ್ನುತ್ತಾರೆ ನಮ್ಮ ಮಾರ್ಗದರ್ಶಕರು. ನನ್ನ ಪಾಠ ಪೀಠಿಕೆಯಲ್ಲೇ ಅರ್ಧ ಮುಗಿದಿರುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?
— ಬಿ.ಇಡಿ. ವಿದ್ಯಾರ್ಥಿನಿ, ಡೊಂಬಿವಲಿ

ಪೀಠಿಕೆಯಲ್ಲೇ. ಪೀಠಿಕೆ, ಹೇತುಕಥನ (ಪಾಠದ ಉದ್ದೇಶ ಹೇಳುವುದು), ವಿಷಯ ನಿರೂಪಣೆ ಎಂದು ಸಾಗುವ ನಿಮ್ಮ ಪಾಠಯೋಜನೆಯ ಚೌಕಟ್ಟು ಜರ್ಮನ್ ಶಿಕ್ಷಣ ಚಿಂತಕ ಹರ್ಬಾರ್ಟ್ ಪರಂಪರೆಯ ಐದು ಮೆಟ್ಟಿಲುಗಳಿಂದ ಬಂದದ್ದು. ಅದರಲ್ಲಿ ಪೀಠಿಕೆಯ ಕೆಲಸ ಮಕ್ಕಳಿಗೆ ಮೊದಲೇ ಗೊತ್ತಿರುವುದನ್ನು ಎಬ್ಬಿಸುವುದು. ಈಗ ಅದು ಪಾಠದ ಹೆಸರನ್ನು ಮಕ್ಕಳ ಬಾಯಿಂದ ಹೊರಡಿಸುವ ಆಟವಾಗಿದೆ. "ಆಕಾಶದಿಂದ ಏನು ಬೀಳುತ್ತದೆ? ಯಾವಾಗ ಬೀಳುತ್ತದೆ? ಹಾಗಾದರೆ ಇವತ್ತು ನಾವು ಯಾವ ಪದ್ಯ..." ಹೀಗೆ ಹತ್ತು ನಿಮಿಷ ಹೋಗುತ್ತದೆ, ಉತ್ತರ ಕೊಡುವವರು ಮುಂದಿನ ಬೆಂಚಿನ ಮೂವರು. ಹೆಸರನ್ನು ನೀವೇ ಬೋರ್ಡಿನ ಮೇಲೆ ಬರೆದುಬಿಡಿ.

ಐದನೇ ತರಗತಿಗೆ ಎಂಟು ಸಾಲಿನ ಒಂದು ಮಳೆ ಪದ್ಯ ಎಂದುಕೊಳ್ಳೋಣ. 4 ನಿಮಿಷ ಮಾತು: ಜುಲೈನಲ್ಲಿ ಲೋಕಲ್ ರೈಲು ನಿಂತ ದಿನ ಮನೆಯವರು ಹೇಗೆ ಬಂದರು, ಇಬ್ಬರೋ ಮೂವರೋ ಹೇಳಲಿ. 5 ನಿಮಿಷ ನಿಮ್ಮ ವಾಚನ, ಎರಡು ಸಲ. ಮೊದಲ ಸಲ ಪುಸ್ತಕ ಮುಚ್ಚಿರಲಿ. 8 ನಿಮಿಷ ಜೋಡಿ ಓದು: ಒಬ್ಬ ಓದಿದರೆ ಇನ್ನೊಬ್ಬ ಗೊತ್ತಿಲ್ಲದ ಪದಕ್ಕೆ ಗೆರೆ ಎಳೆಯಬೇಕು. 10 ನಿಮಿಷ ಬರವಣಿಗೆ: ಪದ್ಯದಲ್ಲಿ ಇಲ್ಲದ, ಇರಬಹುದಾಗಿದ್ದ ಎರಡು ಸಾಲು. 5 ನಿಮಿಷ ಬರೆದದ್ದನ್ನು ಓದಿ ಹೇಳುವುದು. ಉಳಿದ 3 ನಿಮಿಷ ಯಾವುದಕ್ಕೂ ಗೊತ್ತು ಮಾಡಬೇಡಿ, ಅದು ಎಲ್ಲಾದರೂ ಸೋರಿಹೋಗಿಯೇ ಹೋಗುತ್ತದೆ.

ನಾಲ್ಕು ಕೌಶಲಗಳೂ ಬಂದವು, ಒಂದಕ್ಕೂ ಬೇರೆ ಶೀರ್ಷಿಕೆ ಬೇಕಾಗಲಿಲ್ಲ. ಆಲಿಸುವಿಕೆಗೊಂದು ಚಟುವಟಿಕೆ, ಮಾತಿಗೊಂದು ಚಟುವಟಿಕೆ ಎಂದು ಕತ್ತರಿಸಿದರೆ ಮಾತ್ರ ಸಮಯ ಸಾಲುವುದಿಲ್ಲ. ಅಮೆರಿಕದ ಭಾಷಾ ಶಿಕ್ಷಕರ ಸಂಘಟನೆಗಳು 1996ರಲ್ಲಿ ನಾಲ್ಕರ ಜೊತೆಗೆ ನೋಡುವುದು, ದೃಶ್ಯವಾಗಿ ತೋರಿಸುವುದು ಎಂಬ ಇನ್ನೆರಡನ್ನು ಸೇರಿಸಿದವು. ನಿಮ್ಮ ಮಾರ್ಗದರ್ಶಕರಿಗೆ ಇದನ್ನು ಹೇಳುವ ಅಗತ್ಯವಿಲ್ಲ, ಯೋಜನೆಯಲ್ಲಿ ಇನ್ನೆರಡು ಕಾಲಂ ಬಂದಾವು!

ಒಂದನೇ ತರಗತಿಗೆ ಅ, ಆ, ಇ, ಈ ಇಂದಲೇ ಶುರುಮಾಡಬೇಕೆ? ವಾರಕ್ಕೆ ಎಷ್ಟು ಅಕ್ಷರ ಕಲಿಸಬಹುದು?
— ಡಿ.ಇಎಲ್.ಇಡಿ. ವಿದ್ಯಾರ್ಥಿ, ಪಿಂಪ್ರಿ

ವರ್ಣಮಾಲೆಯ ಕ್ರಮ ಬಾಯಿಪಾಠಕ್ಕೆ ಚೆನ್ನ. ಹಾಡಿನಂತೆ ಹೇಳಿಸಿ, ಮುಂದೆ ನಿಘಂಟು ನೋಡಲು ಬೇಕಾಗುತ್ತದೆ. ಆದರೆ ಓದಲು ಕಲಿಸುವ ಕ್ರಮ ಅದಲ್ಲ. 13 ಸ್ವರ ಮುಗಿಯುವಷ್ಟರಲ್ಲಿ ಒಂದು ತಿಂಗಳು ಕಳೆದಿರುತ್ತದೆ. ಅಷ್ಟರಿಂದ ಮಗು ಓದಬಲ್ಲ ಪದಗಳು ಬೆರಳೆಣಿಕೆಗೂ ಸಿಗುವುದಿಲ್ಲ. ಋ ಅಕ್ಷರಕ್ಕೆ ಋಷಿಯ ಚಿತ್ರ ನೋಡಿ 'ಅಜ್ಜ' ಎನ್ನುವ ಮಗುವಿನ ತಪ್ಪೇನೂ ಇಲ್ಲ.

ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ, ಆಡುತ್ತ ಕಲಿಯುವ ನಲಿಕಲಿ ಕ್ರಮದಲ್ಲಿ ಮೊದಲ ಗುಂಪು ರ, ಗ, ಸ, ದ, ಅ. ಈ ಐದರಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ ಸಿಗುತ್ತವೆ. ಮುಂದಿನ ಗುಂಪಿನ ಜ, ವ, ಮ, ಬ, ನ ಸೇರಿದರೆ ಮರ, ಮಗ, ಜನ, ದನ, ವನ, ಬಸವ, ಗಮನ. ಹತ್ತು ಅಕ್ಷರಕ್ಕೆ ಇಷ್ಟು ಪದ ಎಂದರೆ ಮಗುವಿಗೂ ಹುರುಪು ಬರುತ್ತದೆ.

ಒಂದು ತೊಡಕಿದೆ. ಬರೀ ತಲೆಕಟ್ಟಿನ ಅಕ್ಷರಗಳಿಂದ ಹೆಸರುಗಳು ಸಿಗುತ್ತವೆ, ಕ್ರಿಯಾಪದ ಸಿಗುವುದಿಲ್ಲ. ಕನ್ನಡದ ಕ್ರಿಯೆಗಳು ಹೆಚ್ಚಾಗಿ ಉ, ಎ, ಇ ಸ್ವರಗಳಲ್ಲಿ ಮುಗಿಯುತ್ತವೆ. ಆದ್ದರಿಂದ 34 ವ್ಯಂಜನಗಳೂ ಮುಗಿಯಲಿ ಎಂದು ಕಾಯಬೇಡಿ. ಎರಡನೇ ಗುಂಪಿನ ಜೊತೆಗೇ ಇಳಿಯನ್ನು (ಆ ಗುರುತು) ತನ್ನಿ: ಬಾ, ದಾರ, ಮಾವ, "ಬಸವ ಬಾ". ಮೂರನೇ ಗುಂಪಿಗೆ ಕೊಂಬು (ಉ ಗುರುತು) ಮತ್ತು ಗುಡಿಸು (ಇ ಗುರುತು). ಮೊದಲ ಐದಕ್ಕೆ ಎರಡು ವಾರ ತೆಗೆದುಕೊಳ್ಳಿ, ಆಮೇಲೆ ವಾರಕ್ಕೆ ನಾಲ್ಕು ಸಾಕು.

ಆಕಾರ ಹೋಲುವ ಅಕ್ಷರಗಳನ್ನು ಜೊತೆಯಲ್ಲಿ ಕಲಿಸಬೇಡಿ. ದ-ಧ-ಥ, ಬ-ಭ, ಪ-ಷ-ಫ, ರ-ಠ, ನ-ಸ ಇವುಗಳ ನಡುವೆ ಕನಿಷ್ಠ ಹತ್ತು ದಿನದ ಅಂತರವಿರಲಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ತಂದು ಪಕ್ಕದಲ್ಲಿಟ್ಟು ವ್ಯತ್ಯಾಸ ಹುಡುಕಿಸಿ. ವು ಮತ್ತು ಮ ಇನ್ನೂ ಕಷ್ಟ. ವ ಅಕ್ಷರಕ್ಕೆ ಕೊಂಬು ಬೇರೆ ಅಕ್ಷರಗಳಂತೆ ಪಕ್ಕದಲ್ಲಿ ಹತ್ತಿದರೆ ಅದು ಮ ಆಗಿಬಿಡುತ್ತದೆ, ಅದಕ್ಕೇ ವು, ಪು ಎರಡರಲ್ಲೂ ಕೊಂಬು ಕೆಳಗಿನಿಂದ ಬರುವುದು. ಇದನ್ನು ತೋರಿಸಿಕೊಡದಿದ್ದರೆ 'ಹೂವು' ಬರೆಯುವಲ್ಲಿ 'ಹೂಮ' ಬರುತ್ತದೆ.

ಅವಸರ ಬೇಡ ಎನ್ನುವುದಕ್ಕೆ ಲೆಕ್ಕವೇ ಇದೆ. ಕಾಗುಣಿತದಲ್ಲಿ ಒಂದು ವ್ಯಂಜನಕ್ಕೆ ಕ ದಿಂದ ಕಃ ವರೆಗೆ 15 ರೂಪ. 34 ವ್ಯಂಜನಕ್ಕೆ 510. ಒತ್ತಕ್ಷರ ಇನ್ನೂ ಇದರಲ್ಲಿ ಸೇರಿಲ್ಲ. ಇಂಗ್ಲಿಷ್ ಶಾಲೆಯ ಮಗು ಯುಕೆಜಿಯಲ್ಲೇ 26 ಅಕ್ಷರ ಮುಗಿಸಿತು ಎಂದು ಹೋಲಿಸುವ ಪಾಲಕರಿಗೆ ಈ ಸಂಖ್ಯೆ ಹೇಳಿ. ಕನ್ನಡ ಓದುವ ಮಕ್ಕಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅಕ್ಷರಜ್ಞಾನ ಒಂದನೇ ತರಗತಿಗೆ ಮುಗಿಯದೆ ಮೇಲಿನ ತರಗತಿಗಳಲ್ಲೂ ಬೆಳೆಯುತ್ತಲೇ ಹೋಗುವುದು ಕಂಡಿದೆ.

ಅಭ್ಯಾಸ ಪಾಠಕ್ಕೆ ಹೋಗುವ ಪಾಲಿಕೆ ಶಾಲೆಯಲ್ಲಿ ನಾಲ್ಕನೇ ತರಗತಿ ಮಕ್ಕಳು ಒತ್ತಕ್ಷರದಲ್ಲಿ ಎಡವುತ್ತಾರೆ. ಹತ್ತು ಸಲ ಬರೆಸಿದರೂ ಸರಿಹೋಗುತ್ತಿಲ್ಲ.
— ಬಿ.ಇಡಿ. ವಿದ್ಯಾರ್ಥಿ, ಸಾಯನ್

ಹತ್ತು ಸಲ ಬರೆಸುವುದನ್ನು ಮೊದಲು ನಿಲ್ಲಿಸಿ. ಮೂರನೇ ಸಲದಿಂದ ಮಗು ಪದ ಬರೆಯುವುದಿಲ್ಲ, ಮೇಲಿನ ಸಾಲನ್ನು ನಕಲು ಮಾಡುತ್ತದೆ. ಕೆಲವರು ಒಂದೊಂದೇ ಅಕ್ಷರವನ್ನು ಕಂಬಸಾಲಾಗಿ ಹತ್ತು ಸಲ ಇಳಿಸಿ, ಆಮೇಲೆ ಮುಂದಿನ ಅಕ್ಷರಕ್ಕೆ ಹೋಗುವುದನ್ನೂ ನೋಡುತ್ತೀರಿ. ಅಲ್ಲಿ ಪದವೇ ಇಲ್ಲ.

ಉಕ್ತಲೇಖನದ ಪುಸ್ತಕ ತೆಗೆದು ತಪ್ಪುಗಳನ್ನು ವಿಂಗಡಿಸಿ. ನಾಲ್ಕು ಬಗೆ ಕಾಣುತ್ತವೆ, ನಾಲ್ಕಕ್ಕೂ ಕಾರಣ ಬೇರೆ.

'ಅಪ್ಪ' ಬದಲು 'ಅಪ' ಎಂದು ಬರೆದರೆ ಮಗು ಒತ್ತನ್ನು ಕೇಳಿಸಿಕೊಂಡಿಲ್ಲ. ಕಿವಿಯ ಕೆಲಸ ಬಾಕಿ ಇದೆ. 'ಪುಸ್ತಕ' ಬದಲು 'ಪುತ್ಸಕ' ಎಂದರೆ ಎರಡೂ ದನಿ ಕೇಳಿಸಿವೆ, ಯಾವುದು ಮೇಲೆ ಯಾವುದು ಕೆಳಗೆ ಎಂಬ ಗೊಂದಲ. 'ಪುಸ್‌ತಕ' ಎಂದು ಬಿಡಿಸಿ ಬರೆದರೆ ಅದು ದೇವನಾಗರಿಯ ನೆರಳು. ಮರಾಠಿ, ಹಿಂದಿಯಲ್ಲಿ ಅರ್ಧ ಅಕ್ಷರ ಮೊದಲು ಬಂದು ಪೂರ್ತಿ ಅಕ್ಷರ ಬಲಕ್ಕೆ ಬರುತ್ತದೆ, ಕನ್ನಡದಲ್ಲಿ ಮೊದಲನೆಯದು ಪೂರ್ತಿಯಾಗಿ ನಿಂತು ಎರಡನೆಯದು ಕೆಳಗಿಳಿಯುತ್ತದೆ. ನಾಲ್ಕನೆಯದು ಓದಿನಲ್ಲಿ ಸಿಗುವ ತಪ್ಪು: 'ಶಕ್ತಿ'ಯನ್ನು 'ಶಕಿತ' ಎಂದು ಓದುವುದು. ಕಣ್ಣಿಗೆ ಕಂಡಂತೆ ಮಗು ಓದಿದೆ. ಗುಡಿಸು ಕ ಮೇಲೆ ಕೂತಿದೆ, ದನಿ ಮಾತ್ರ ತ ಆದ ಮೇಲೆ ಬರುತ್ತದೆ. ಈ ಒಂದು ಮಾತನ್ನು ಬಾಯಿಬಿಟ್ಟು ಹೇಳಿಕೊಡದೆಯೇ ನಾಲ್ಕನೇ ತರಗತಿ ತಲುಪಿದ ಮಕ್ಕಳು ಬಹಳ.

ಸರಿಪಡಿಸುವ ಕ್ರಮ ಹೀಗಿರಲಿ. ದಿನಕ್ಕೆ ಹತ್ತು ನಿಮಿಷ, ಆರು ಪದ, ಮೂರು ವಾರ. ಮೊದಲ ವಾರ ಸಜಾತೀಯ (ಅದೇ ಅಕ್ಷರದ) ಒತ್ತು ಮಾತ್ರ: ಅಕ್ಕ, ಹಗ್ಗ, ಬೆಕ್ಕು, ಕಪ್ಪೆ. ನಂತರ ತ, ನ, ಮ, ಯ, ರ, ಲ ಗಳ ಒತ್ತು, ಏಕೆಂದರೆ ಇವುಗಳ ಒತ್ತಿನ ರೂಪ ಮೂಲಾಕ್ಷರವನ್ನು ಹೋಲುವುದಿಲ್ಲ. ಉಳಿದವು ತಲೆಕಟ್ಟು ಕಳಚಿದ ಅದೇ ಅಕ್ಷರಗಳು, ಬೇಗ ಬರುತ್ತವೆ. ವಿಜಾತೀಯ (ಬೇರೆ ಅಕ್ಷರದ) ಒತ್ತು ಎರಡನೇ ವಾರಕ್ಕೆ. 'ರಾಷ್ಟ್ರ', 'ಶಾಸ್ತ್ರ'ದಂಥ ಮೂರಂತಸ್ತಿನವು ಕೊನೆಗೆ.

ಪ್ರತಿ ಪದಕ್ಕೂ ಇದೇ ಸರಣಿ: ನೀವು ಹೇಳಿ, ಮಗು ಚಪ್ಪಾಳೆ ತಟ್ಟಿ ಬಿಡಿಸಲಿ (ಶಕ್-ತಿ, ಪುಸ್-ತ-ಕ), ಚಪ್ಪಾಳೆಯ ನಡುವೆ ಸಿಕ್ಕಿಬಿದ್ದ ದನಿ ಯಾವುದೆಂದು ಹೇಳಲಿ, ಬರೆಯಲಿ, ಬೋರ್ಡು ನೋಡಿ ತಾನೇ ತಿದ್ದಿಕೊಳ್ಳಲಿ. ತಿದ್ದುವ ಕೆಂಪು ಪೆನ್ನು ಮಗುವಿನ ಕೈಯಲ್ಲೇ ಇರಲಿ.

ಅರ್ಕಾವೊತ್ತಿಗೆ ಒಂದು ದಿನ ಪೂರ್ತಿ ಕೊಡಿ. ಬರೆಯುವುದು ಆಮೇಲೆ, ಓದುವುದು ಮೊದಲು. ಇಲ್ಲಿ ದೇವನಾಗರಿ ಸಹಾಯಕ್ಕೆ ಬರುತ್ತದೆ, ಅಲ್ಲೂ ರ ಗುರುತು ಮುಂದಿನ ಅಕ್ಷರದ ನೆತ್ತಿಯ ಮೇಲಿದ್ದರೂ ಓದುವುದು ಮೊದಲೇ. 'ಕರ್ನಾಟಕ'ವನ್ನು 'ಕನಾರ್ಟಕ' ಎಂದು ಬರೆದ ಬೋರ್ಡು ಎಲ್ಲಾದರೂ ಕಂಡರೆ ಫೋಟೊ ತೆಗೆದು ತರಗತಿಗೆ ತನ್ನಿ, ಮಕ್ಕಳು ಅದನ್ನು ತಿದ್ದಲು ಮುಗಿಬೀಳುತ್ತಾರೆ.

ಕಲಬುರಗಿ ಕಡೆಯ ಮಕ್ಕಳು "ಹೊಂಟೀನ್ರಿ" ಅಂತಾರೆ, ಮಂಗಳೂರು ಕಡೆಯವರು "ಎಂತ" ಅಂತಾರೆ. ತಿದ್ದಬೇಕೆ?
— ಧಾರಾವಿ ಮತ್ತು ಹಡಪ್ಸರ್‌ನಿಂದ ಇಬ್ಬರು

ಮಾತನ್ನು ತಿದ್ದಬೇಡಿ. ಬೋರ್ಡಿನಲ್ಲಿ ಎರಡು ಕಂಬ ಹಾಕಿ: ಮನೆ ಮಾತು, ಪುಸ್ತಕದ ಮಾತು. 'ಹೊಂಟೀನಿ' ಎದುರಿಗೆ 'ಹೊರಟಿದ್ದೇನೆ', 'ಎಂತ' ಎದುರಿಗೆ 'ಏನು'. ವಾರಕ್ಕೆ ಐದು ಜೋಡಿ ಸಾಕು. ತಿದ್ದಬೇಕಾದದ್ದು ಬೇರೆ ಇದೆ: "ಅವ ಹೇಳಿದ ಕೀ ನಾ ಬರ್ತೀನಿ" ಎಂಬ ವಾಕ್ಯ. ಅಲ್ಲಿನ 'ಕೀ' ಹಿಂದಿ, ಮರಾಠಿಯದು, ಕನ್ನಡದಲ್ಲಿ ಹೇಳಿದ ಮಾತು ಮೊದಲು ಬಂದು 'ಅಂತ' ಅದನ್ನು ಹಿಡಿದುಕೊಳ್ಳುತ್ತದೆ. ಅದೂ ಮಾತಿನಲ್ಲಿ ಅಲ್ಲ, ಬರವಣಿಗೆಯಲ್ಲಿ ತಿದ್ದಿದರೆ ಸಾಕು. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವ ಮಗುವಿಗೆ ಶಾಲೆಯ ಕನ್ನಡವೇ ಎರಡನೇ ಭಾಷೆ ಎಂಬುದನ್ನು ಮರೆಯಬೇಡಿ.

ಮಗಳು ಮೂರನೇ ತರಗತಿ. ಕನ್ನಡವನ್ನು ಸರಾಗವಾಗಿ ಓದುತ್ತಾಳೆ, ಓದಿದ್ದೇನು ಎಂದರೆ ಸುಮ್ಮನಾಗುತ್ತಾಳೆ. ವೇಗ ಕಡಿಮೆಯೆ?
— ತಾಯಿ, ಕೊಥ್ರೂಡ್, ಪುಣೆ

ವೇಗದ ಮೇಲೆ ಕಣ್ಣು ಬೇಡ. ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದ ಎಂಬ ಗುರಿ ಇಟ್ಟಿದೆ. ಆದರೆ ಕನ್ನಡದ ಒಂದು ಪದ ಎಷ್ಟೋ ಸಲ ಬೇರೆ ಭಾಷೆಯ ಒಂದು ವಾಕ್ಯಖಂಡ. 'ಮನೆಯಲ್ಲಿದ್ದವರೆಲ್ಲರೂ' ಒಂದು ಪದವೆಂದೇ ಲೆಕ್ಕ!

ಮೊದಲು ಪರೀಕ್ಷೆ. ಅವಳು ಓದದ ಎಂಟು ಹತ್ತು ಸಾಲಿನ ಒಂದು ಕತೆ ಆರಿಸಿ, ನೀವೇ ಓದಿ ಹೇಳಿ, ಮೂರು ಪ್ರಶ್ನೆ ಕೇಳಿ. ಉತ್ತರ ಬಂದರೆ ಅವಳಿಗೆ ಭಾಷೆ ಇದೆ, ಅಕ್ಷರ ಕೂಡಿಸುವುದರಲ್ಲೇ ಗಮನವೆಲ್ಲ ಖರ್ಚಾಗುತ್ತಿದೆ. ಕೇಳಿದರೂ ಉತ್ತರ ಬರದಿದ್ದರೆ ಕೊರತೆ ಓದಿನದ್ದಲ್ಲ, ಕನ್ನಡದ್ದೇ. ಓದಿನ ಸಂಶೋಧಕರಾದ ಗಫ್ ಮತ್ತು ಟನ್ಮರ್ 1986ರಲ್ಲಿ ಇದನ್ನು ಗುಣಾಕಾರವಾಗಿ ಹೇಳಿದರು: ಅಕ್ಷರ ಬಿಡಿಸುವ ಶಕ್ತಿ ಗುಣಿಸು ಭಾಷೆಯ ಅರಿವು. ಎರಡರಲ್ಲಿ ಒಂದು ಸೊನ್ನೆಯಾದರೂ ಉತ್ತರ ಸೊನ್ನೆ.

ಮೊದಲನೆಯದಾದರೆ ಅದೇ ಪುಟವನ್ನು ಮೂರು ದಿನ ಓದಿಸಿ. ನೂರು ಪದಕ್ಕೆ ಹತ್ತಕ್ಕಿಂತ ಹೆಚ್ಚು ತಪ್ಪಿದರೆ ಪುಸ್ತಕ ಕಠಿಣ, ಕೆಳಗಿನ ಹಂತದ್ದು ಕೊಡಿ. ಉದ್ದ ಪದ ಬಂದಾಗ ಪೆನ್ಸಿಲಿನಲ್ಲಿ ಸಣ್ಣ ಗೆರೆ ಹಾಕಿ ಬಿಡಿಸಿ: ಮನೆಯಲ್ಲಿ / ಇದ್ದವರು / ಎಲ್ಲರೂ. ಸಂಧಿಯ ಹೆಸರು ಈಗ ಬೇಡ.

ಎರಡನೆಯದಾದರೆ ಮೂರು ತಿಂಗಳು ನೀವೇ ಓದಿ ಹೇಳಿ, ದಿನಕ್ಕೆ ಹದಿನೈದು ನಿಮಿಷ. ಪುಣೆಯಲ್ಲಿ ಅವಳ ಆಟ ಮರಾಠಿಯಲ್ಲಿ, ಕಾರ್ಟೂನು ಹಿಂದಿಯಲ್ಲಿ, ಕನ್ನಡ ಊಟ-ನಿದ್ದೆಗಷ್ಟೇ ಉಳಿದಿರಬಹುದು. ಆ ಕನ್ನಡದಲ್ಲಿ ಕತೆಗೆ ಬೇಕಾದ 'ಹೊಂಚು', 'ಕಂಗಾಲು', 'ಅಂಗಲಾಚು' ಎಲ್ಲಿಂದ ಬರಬೇಕು? ಪ್ರತಿ ಪುಟಕ್ಕೂ ಪ್ರಶ್ನೆ ಕೇಳಬೇಡಿ. ಒಂದೇ ಕಡೆ ನಿಲ್ಲಿಸಿ, "ಈಗ ಏನಾದೀತು?" ಎನ್ನಿ. 'ರಾಜನ ಹೆಸರೇನು' ಎಂಬ ಪ್ರಶ್ನೆಗೆ ಕತೆ ಅರ್ಥವಾಗದೆಯೂ ಉತ್ತರ ಹುಡುಕಬಹುದು.

ವಾಸ್ಕೊದಲ್ಲಿ ಭಾನುವಾರ ಒಂದೂವರೆ ತಾಸು ಕನ್ನಡ ತರಗತಿ ಶುರುಮಾಡುತ್ತಿದ್ದೇವೆ. ಆರರಿಂದ ಹದಿನಾಲ್ಕು ವಯಸ್ಸಿನ ಇಪ್ಪತ್ತೆರಡು ಮಕ್ಕಳು, ಎಲ್ಲರೂ ಇಂಗ್ಲಿಷ್ ಮಾಧ್ಯಮ. ಹೇಗೆ ವಿಂಗಡಿಸಲಿ?
— ಸ್ವಯಂಸೇವಕಿ, ವಾಸ್ಕೊ

ವಯಸ್ಸಿನಿಂದ ಬೇಡ, ಓದಿನಿಂದ ವಿಂಗಡಿಸಿ. 1995ರಲ್ಲಿ ಮುಂಬೈಯಲ್ಲಿ ಹುಟ್ಟಿದ ಪ್ರಥಮ್ ಸಂಸ್ಥೆ ಮಕ್ಕಳ ಓದು, ಲೆಕ್ಕ ಅಳೆಯುವ ಆಸರ್ ಸಮೀಕ್ಷೆಗೆ ಬಳಸುವ ಪಟ್ಟಿಯ ಮಾದರಿ ಸಾಕು: ಬಿಡಿ ಅಕ್ಷರ, ಸರಳ ಪದ, ನಾಲ್ಕು ಸಾಲಿನ ಪರಿಚ್ಛೇದ, ಸಣ್ಣ ಕತೆ. ಅಕ್ಷರ, ಪದಗಳಲ್ಲಿ ಐದಕ್ಕೆ ನಾಲ್ಕು ಸರಿಯಾದರೆ ಆ ಮೆಟ್ಟಿಲು ದಾಟಿದಂತೆ. ಒಂದು ಮಗುವಿಗೆ ನಾಲ್ಕೈದು ನಿಮಿಷ. ಇಬ್ಬರು ಕೂತರೆ ಮೊದಲ ಭಾನುವಾರವೇ ಮುಗಿಯುತ್ತದೆ. ಮೂರು ಗುಂಪು ಮಾಡಿ, ಆರು ವಾರಕ್ಕೊಮ್ಮೆ ಮತ್ತೆ ಅಳೆದು ಬದಲಿಸಿ. ಬದಲಿಸದಿದ್ದರೆ ಅದು ಗುಂಪಾಗಿ ಉಳಿಯದೆ ಹಣೆಪಟ್ಟಿಯಾಗುತ್ತದೆ.

90 ನಿಮಿಷದಲ್ಲಿ 15 ಎಲ್ಲರೂ ಸೇರಿ ಹಾಡು, ಒಗಟು. 20 ನೀವು ಓದಿ ಹೇಳುವ ಕತೆ. 35 ಗುಂಪಿನ ಕೆಲಸ. 10 ಪದದ ಆಟ. ಕೊನೆಯ 10 ಮನೆಗೆ ಒಯ್ಯುವ ಓದು ಆರಿಸುವುದಕ್ಕೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಹಂತವಾರು ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿಯ ಕನ್ನಡ ಮಾಧ್ಯಮದ ಪುಸ್ತಕಗಳೂ ಜಾಲತಾಣದಲ್ಲಿವೆ.

ಹದಿಮೂರರ ಹುಡುಗನ ಮುಂದೆ 'ಅ ಅರಸ' ಇಟ್ಟರೆ ಅವನು ಮುಂದಿನ ಭಾನುವಾರ ಬರುವುದಿಲ್ಲ. ಅವನಿಗೆ ದೇವನಾಗರಿ ಗೊತ್ತು. ಕ ಖ ಗ ಘ ಙ ಕ್ರಮ ಅಲ್ಲೂ ಇಲ್ಲೂ ಒಂದೇ. ಎರಡೂ ಲಿಪಿಗಳನ್ನು ಅಕ್ಕಪಕ್ಕ ಬರೆದ ಒಂದು ಹಾಳೆ ಕೊಟ್ಟು, ಕ್ರಿಕೆಟಿಗರ ಹೆಸರು, ಗೋವಾದ ಕದಂಬ ಬಸ್ಸಿನ ಊರುಗಳು, ಅಜ್ಜಿಗೆ ಕಳಿಸುವ ವಾಟ್ಸಾಪ್ ಸಂದೇಶ ಓದಿಸಿ ಬರೆಸಿ. ಕಾಡುವುದು ಹ್ರಸ್ವ ಎ, ಒ. ಅವನು ಕಲಿತ ದೇವನಾಗರಿಯಲ್ಲಿ ಅವಕ್ಕೆ ಬೇರೆ ಅಕ್ಷರವಿಲ್ಲ, ಅದಕ್ಕೇ 'ಎಲ್ಲಿ' ಬದಲು 'ಏಲ್ಲಿ' ಬರೆಯುತ್ತಾನೆ. ಬೆಳೆ-ಬೇಳೆ, ಕೊಡು-ಕೋಡು, ಕೆರೆ-ಕೇರೆ ಜೋಡಿಗಳನ್ನು ಹೇಳಿ, ಚಿತ್ರಕ್ಕೆ ಬೆರಳು ತೋರಿಸುವ ಆಟ ಆಡಿಸಿ. ಕೆರೆಗೂ ಕೇರೆ ಹಾವಿಗೂ ಅದಲುಬದಲಾದರೆ ತಾನೇ ನಗುತ್ತಾನೆ.

ಪ್ರಬಂಧ ಬರೆಸಿದರೆ ಎಲ್ಲರದೂ ಒಂದೇ. ನಲವತ್ತು ಪುಸ್ತಕ ತಿದ್ದುವುದೂ ಕಷ್ಟ.
— ಹೊಸ ಶಿಕ್ಷಕಿ, ಠಾಣೆ

'ನನ್ನ ಶಾಲೆ' ಎಂದು ಕೊಟ್ಟರೆ ಗೈಡಿನ ಶಾಲೆಯೇ ಬರುತ್ತದೆ, "ಮುಂದೆ ಸುಂದರ ಉದ್ಯಾನವಿದೆ" ಸಮೇತ. ನಕಲಿಸಲಾಗದ ವಿಷಯ ಕೊಡಿ: ನಿಮ್ಮ ಚಾಳಿನಲ್ಲಿ ನೀರು ಬರುವ ಹೊತ್ತು; ವಡಾಪಾವ್ ಗಾಡಿಯವರ ಕೈಕೆಲಸ, ಮೊದಲಿಂದ ಕೊನೆಯವರೆಗೆ. ಐದು ನಿಮಿಷ ಪಕ್ಕದವರಿಗೆ ಹೇಳಲಿ, ಐದು ನಿಮಿಷ ಪದಗಳ ಪಟ್ಟಿ, ಹದಿನೈದು ನಿಮಿಷ ಬರಹ. ತಿದ್ದುಪಡಿ ಮರುದಿನ.

ಪುಸ್ತಕಕ್ಕೆ ಆರು ನಿಮಿಷವೆಂದರೂ ನಲವತ್ತಕ್ಕೆ ನಾಲ್ಕು ತಾಸು. ದಿನಕ್ಕೆ ಎಂಟು ಪುಸ್ತಕ ಪೂರ್ತಿ ನೋಡಿ, ಐದು ದಿನಕ್ಕೆ ಒಂದು ಸುತ್ತು. ತಪ್ಪನ್ನು ತಿದ್ದಿ ಬರೆಯಬೇಡಿ, ಅಂಚಿನಲ್ಲಿ ಗುರುತು ಹಾಕಿ: ಒತ್ತಿಗೆ 'ಒ', ದೀರ್ಘಕ್ಕೆ 'ದೀ', ವಿಭಕ್ತಿಗೆ 'ವಿ'. ಹುಡುಕುವುದು ಮಗುವಿನ ಕೆಲಸ. ಕೊನೆಗೆ ಒಂದು ವಾಕ್ಯ ಬರೆಯಿರಿ, ಬರಹದ ಒಳಗಿನ ವಿಷಯದ ಬಗ್ಗೆ. 'ಉತ್ತಮ' ಎಂಬುದು ವಾಕ್ಯವಲ್ಲ.

ಸಿಟಿಇಟಿಯನ್ನು ಕನ್ನಡದಲ್ಲಿ ಬರೆಯಬಹುದೆ?
— ಅಂಬರನಾಥ

ಈ ಕೇಂದ್ರೀಯ ಶಿಕ್ಷಕ ಅರ್ಹತಾ ಪರೀಕ್ಷೆಯಲ್ಲಿ ಕನ್ನಡವನ್ನು ಭಾಷಾ ಪತ್ರಿಕೆಯಾಗಿ ಆರಿಸಿಕೊಳ್ಳಬಹುದು, 20 ಭಾಷೆಗಳಲ್ಲಿ ಕನ್ನಡವೂ ಒಂದು. ಅದಕ್ಕೆ 30 ಪ್ರಶ್ನೆ. 15 ಗದ್ಯ-ಪದ್ಯಗಳ ಗ್ರಹಿಕೆ, 15 ಭಾಷಾ ಬೋಧನೆ. ಅರ್ಹತೆಗೆ ಒಟ್ಟು 150ರಲ್ಲಿ 60 ಶೇಕಡ.

ಅಭ್ಯಾಸ ಪಾಠದ ಬಳಿಕ ಆತ್ಮಾವಲೋಕನದ ದಿನಚರಿ ಬರೆಯಬೇಕು. "ಪಾಠ ಚೆನ್ನಾಗಿತ್ತು, ಮಕ್ಕಳು ಖುಷಿಪಟ್ಟರು" ಬಿಟ್ಟು ಬೇರೇನೂ ಹೊಳೆಯುವುದಿಲ್ಲ.
— ಬಿ.ಇಡಿ. ವಿದ್ಯಾರ್ಥಿನಿ, ಮಾಟುಂಗಾ

ಹೊಳೆಯುವುದಕ್ಕೆ ಕಾಯದೆ ಎಣಿಸಿ. ತರಗತಿಯ ಆಸನಗಳ ನಕ್ಷೆಯೊಂದನ್ನು ಸಹಪಾಠಿಯ ಕೈಗೆ ಕೊಡಿ. ಯಾರು ಮಾತಾಡಿದರೂ ಅವರ ಚೌಕದಲ್ಲಿ ಒಂದು ಗೀಟು. ಪಾಠ ಮುಗಿದಾಗ ಖಾಲಿ ಚೌಕಗಳು ಎಲ್ಲಿವೆ ಎಂದು ನೋಡಿ, ಅದನ್ನೇ ಬರೆಯಿರಿ. ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾದಿರಿ ಎಂಬುದು ಎರಡನೇ ಎಣಿಕೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರ ಅಧ್ಯಯನಗಳಲ್ಲಿ ಶಿಕ್ಷಕರು ಸಾಮಾನ್ಯವಾಗಿ ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡು. ಅದನ್ನು ಮೂರಕ್ಕೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುವವರು ಕಡಿಮೆಯಾದರು. ಮೂರು ಸೆಕೆಂಡು ಕೇಳಲು ಸುಲಭ, ಎದುರಿಗೆ ನಲವತ್ತು ಮುಖವಿದ್ದಾಗ ತಡೆದುಕೊಳ್ಳುವುದು ಕಷ್ಟ, ಮನಸ್ಸಿನಲ್ಲಿ ಎಣಿಸಿಕೊಳ್ಳಿ.

ಮೂರನೆಯದು, ಒಂದು ಮಗು ಹೇಳಿದ ತಪ್ಪು ಉತ್ತರವನ್ನು ಅದೇ ಪದಗಳಲ್ಲಿ ಬರೆದಿಡಿ, ನಿಮ್ಮ ಮಾತಿಗೆ ಇಳಿಸಬೇಡಿ. ಅದರ ಕೆಳಗೆ ಮಗು ಹಾಗೆ ಯೋಚಿಸಿದ್ದಕ್ಕೆ ಒಂದು ಕಾರಣ, ನಾಳೆ ಮಾಡುವ ಒಂದು ಬದಲಾವಣೆ. ಇಪ್ಪತ್ತು ವಾರದ ಇಂಟರ್ನ್‌ಶಿಪ್ಪಿನಲ್ಲಿ ದಿನಕ್ಕೆ ಅರ್ಧ ಪುಟ ಹೀಗೆ ಬರೆದರೆ ಸಾಕು. ಮಾರ್ಗದರ್ಶಕರಿಗೆ ಒಪ್ಪಿಸುವ ಮೊದಲು ಒಂದು ಪ್ರತಿ ತೆಗೆದಿಟ್ಟುಕೊಳ್ಳಿ, ಎಷ್ಟೋ ಕಾಲೇಜುಗಳಲ್ಲಿ ದಿನಚರಿ ವಾಪಸು ಬರುವುದಿಲ್ಲ.